ಕಲಿಸಿದ್ದು ಕೈಗೆ ಬರಬೇಕಾದರೆ: ಕೆಲಸದ ಜಾಗದ ತರಬೇತಿ ಮತ್ತು ಕೋಚಿಂಗ್‌ಗೆ ಸಮಗ್ರ ಮಾರ್ಗದರ್ಶಿ

ನಾನು ತರಬೇತುದಾರನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮೂವತ್ತು ಮಂದಿ ಟೈಲರ್‌ಗಳಿಗೆ ಎರಡು ದಿನ ಪಾಠ ಮಾಡಿದ್ದೆ. ಶರ್ಟಿಗೆ ತೋಳು ಜೋಡಿಸುವಾಗ ಬೀಳುವ ಸುಕ್ಕಿನ ಚಿತ್ರಗಳನ್ನು ತೋರಿಸಿದೆ, ಕಾರಣಗಳನ್ನು ವಿವರಿಸಿದೆ, ಕೊನೆಯಲ್ಲಿ ಪ್ರಶ್ನೆಗಳನ್ನು ಕೇಳಿದೆ. ಎಲ್ಲರೂ ಸರಿಯಾದ ಉತ್ತರವನ್ನೇ ಕೊಟ್ಟರು. ಆದರೆ ಮುಂದಿನ ವಾರ ಚೆಕ್ಕಿಂಗ್ ಟೇಬಲ್‌ನ ಪಕ್ಕದಲ್ಲಿ ಆಲ್ಟರ್‌ಗೆಂದು, ಅಂದರೆ ಬಿಚ್ಚಿ ಮತ್ತೆ ಹೊಲಿಯಲೆಂದು ಬಿದ್ದಿದ್ದ ಶರ್ಟುಗಳ ರಾಶಿ ಹಿಂದಿನ ವಾರದಷ್ಟೇ ಇತ್ತು. ಪಾಠ ಕೇಳಿದ ಹೆಣ್ಣುಮಕ್ಕಳಿಗೆ ಸುಕ್ಕು ಏಕೆ ಬೀಳುತ್ತದೆ ಎಂಬುದು ಗೊತ್ತಾಗಿತ್ತು. ಸುಕ್ಕು ಬೀಳದಂತೆ ಹೊಲಿಯುವುದು ಅವರ ಕೈಗೆ ಬಂದಿರಲಿಲ್ಲ. ತಪ್ಪು ಅವರದಲ್ಲ, ನಾನು ಕಲಿಸಿದ ರೀತಿಯದು.

ಆ ನಂತರದ ವರ್ಷಗಳಲ್ಲಿ ನನಗೆ ಮನದಟ್ಟಾಗಿರುವುದು ಇಷ್ಟು: ಕೆಲಸದ ಗುಣಮಟ್ಟವನ್ನು ಬದಲಿಸುವ ತರಬೇತಿ ಕೋಣೆಯಲ್ಲಿ ಅಲ್ಲ, ಮೆಷಿನ್ ಮುಂದೆ ನಡೆಯುತ್ತದೆ, ಮತ್ತು ಕಲಿಸಿದ ದಿನಕ್ಕಿಂತ ಕಲಿಸಿದ ನಂತರದ ಮೂರ್ನಾಲ್ಕು ವಾರಗಳೇ ಹೆಚ್ಚು ಮುಖ್ಯ. ಈ ಬರಹ ಲೈನ್ ಸೂಪರ್‌ವೈಸರ್‌ಗಳಿಗೆ, ಸಣ್ಣ ಕಾರ್ಖಾನೆಗಳ ಮಾಲೀಕರಿಗೆ ಮತ್ತು ಹೊಸ ತರಬೇತುದಾರರಿಗೆ. ಉದಾಹರಣೆಯುದ್ದಕ್ಕೂ ಶರ್ಟಿನ ತೋಳು ಜೋಡಿಸುವ ಕೆಲಸವನ್ನೇ ಇಟ್ಟುಕೊಂಡಿದ್ದೇನೆ. ಲೇತ್ ಮೆಷಿನ್ ಇರಲಿ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಇರಲಿ, ಹೋಟೆಲಿನ ಅಡುಗೆಮನೆ ಇರಲಿ, ಕ್ರಮ ಇದೇ.

ಎರಡು ಮಾತುಗಳ ಅರ್ಥ

ಕೋಚಿಂಗ್ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ವಿಜಯನಗರದಲ್ಲೋ ಧಾರವಾಡದಲ್ಲೋ ಇರುವ ಕೆಎಎಸ್ ತರಗತಿಗಳು. ಇಲ್ಲಿ ಆ ಅರ್ಥವಿಲ್ಲ. ಬಾರದ ಕೆಲಸವನ್ನು ಕ್ರಮವಾಗಿ ಕಲಿಸುವುದು ತರಬೇತಿ. ಕಲಿತ ಕೆಲಸವನ್ನು ದಿನನಿತ್ಯ ಮಾಡುತ್ತಿರುವವರ ಪಕ್ಕದಲ್ಲಿ ನಿಂತು, ಪ್ರಶ್ನೆ ಕೇಳಿ, ಗಮನಿಸಿ, ಅವರೇ ತಮ್ಮ ಕೆಲಸವನ್ನು ತಿದ್ದಿಕೊಳ್ಳುವಂತೆ ನೆರವಾಗುವುದು ಕೋಚಿಂಗ್. ಮೊದಲನೆಯದಿಲ್ಲದೆ ಎರಡನೆಯದನ್ನು ಮಾಡಹೊರಟರೆ ಅದು ಬರಿಯ ಹುರಿದುಂಬಿಸುವ ಮಾತಾಗುತ್ತದೆ. ಎರಡನೆಯದಿಲ್ಲದೆ ಮೊದಲನೆಯದನ್ನು ಮಾಡಿದರೆ ನನ್ನ ಎರಡು ದಿನದ ಪಾಠದ ಗತಿಯಾಗುತ್ತದೆ.

ಹಂತ 1: ಕೊರತೆ ಕೌಶಲದ್ದೇ ಎಂದು ಖಚಿತಪಡಿಸಿಕೊಳ್ಳಿ

ಕೆಲಸ ಕೆಟ್ಟಾಗಲೆಲ್ಲ ಮೇಲಿನವರ ಬಾಯಲ್ಲಿ ಮೊದಲು ಬರುವ ಮಾತು "ಇವರಿಗೆ ಟ್ರೈನಿಂಗ್ ಕೊಡಿ" ಎಂಬುದು. ಒಮ್ಮೆ ಒಂದು ಲೈನಿನಲ್ಲಿ ಹೊಲಿಗೆ ತಪ್ಪುತ್ತಿದೆ, ಅಂದರೆ ನಡುನಡುವೆ ಒಂದೊಂದು ಟಾಕಿ ಬೀಳುತ್ತಿಲ್ಲ ಎಂದು ನನ್ನನ್ನು ಕರೆದರು. ಟೈಲರ್‌ಗಳ ಕೈ ನೋಡಿದೆ, ಸರಿಯಾಗಿತ್ತು. ಸೂಜಿ ಬಿಚ್ಚಿಸಿ ಉಗುರಿನ ಮೇಲೆ ಅದರ ಮೊನೆಯನ್ನು ಮೆಲ್ಲನೆ ಎಳೆದು ನೋಡಿದರೆ ಗೀರು ಬಿತ್ತು, ಮೊನೆ ಬಾಗಿತ್ತು. ಸ್ಟೋರ್‌ನಲ್ಲಿ ಸೂಜಿ ಕೊಡುವುದರಲ್ಲಿ ಬಿಗಿ ಮಾಡಿದ್ದರಿಂದ ಹಳೆಯ ಸೂಜಿಯಲ್ಲೇ ದಿನಗಟ್ಟಲೆ ಹೊಲಿಯುತ್ತಿದ್ದರು. ಅಲ್ಲಿ ಬೇಕಿದ್ದುದು ಸೂಜಿ, ತರಬೇತಿಯಲ್ಲ.

ಆದ್ದರಿಂದ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ವ್ಯಕ್ತಿ ಈ ಕೆಲಸವನ್ನು ಎಂದಾದರೂ ಸರಿಯಾಗಿ ಮಾಡಿದ್ದಾರೆಯೇ? ಬೆಳಿಗ್ಗೆ ಚೆನ್ನಾಗಿ ಮಾಡುವವರು ಸಂಜೆ ಕೆಡಿಸುತ್ತಿದ್ದರೆ ಅದು ದಣಿವು, ಬೆಳಕು ಅಥವಾ ಟಾರ್ಗೆಟ್‌ನ ಒತ್ತಡ. ಅದೇ ಕೆಲಸವನ್ನು ಅದೇ ಮೆಷಿನ್‌ನಲ್ಲಿ ಬೇರೊಬ್ಬರು ಸರಿಯಾಗಿ ಮಾಡುತ್ತಾರೆಯೇ? ಅವರ ಕೈಯಲ್ಲೂ ಕೆಟ್ಟರೆ ದೋಷ ಮೆಷಿನ್‌ನಲ್ಲಿದೆ, ಇಲ್ಲವೇ ಕಟಿಂಗ್ ವಿಭಾಗದಿಂದ ಬಂದ ಬಟ್ಟೆಯ ಅಳತೆಯಲ್ಲಿದೆ. ಸರಿಯಾದ ಪೀಸ್ ಹೇಗಿರಬೇಕು ಎಂಬುದು ಅವರಿಗೆ ಗೊತ್ತಿದೆಯೇ? ಎಷ್ಟೋ ಕಡೆ ಮಾದರಿ ಪೀಸ್ ಸೂಪರ್‌ವೈಸರ್‌ನ ಡ್ರಾಯರ್‌ನಲ್ಲಿರುತ್ತದೆ, ಹೊಲಿಯುವವರ ಕಣ್ಣೆದುರು ಇರುವುದಿಲ್ಲ. ಈ ಮೂರನ್ನೂ ದಾಟಿ ಉಳಿದದ್ದು ಮಾತ್ರ ತರಬೇತಿಯಿಂದ ಸರಿಹೋಗುವ ಕೊರತೆ.

ಪ್ರಶ್ನೆಗಳಿಗೆ ಉತ್ತರ ಸಿಗುವುದು ಆಫೀಸಿನಲ್ಲಿ ಅಲ್ಲ. ಕನಿಷ್ಠ ಅರ್ಧ ಗಂಟೆ ಆ ಟೈಲರ್‌ನ ಎಡಪಕ್ಕಕ್ಕೆ, ಕೈ ಕಾಣುವಂತೆ ನಿಂತು ನೋಡಬೇಕು. ನಿಲ್ಲುವ ಮೊದಲು ಏಕೆ ನಿಲ್ಲುತ್ತಿದ್ದೀರಿ ಎಂಬುದನ್ನು ಹೇಳಿ. ಕಾರಣ ಹೇಳದೆ ಕೈಯಲ್ಲಿ ಪುಸ್ತಕ ಹಿಡಿದು ನಿಂತವರನ್ನು ಕಂಡರೆ ಎಂಥವರ ಕೈಯೂ ನಡುಗುತ್ತದೆ.

ಹಂತ 2: ಯಾರಿಗೆ, ಯಾವುದು, ಎಂದಿಗೆ

ಒಂದು ಹಾಳೆಯಲ್ಲಿ ಅಡ್ಡಲಾಗಿ ಕೆಲಸಗಳನ್ನೂ ಉದ್ದಕ್ಕೆ ಹೆಸರುಗಳನ್ನೂ ಬರೆಯಿರಿ. ಪ್ರತಿ ಚೌಕದಲ್ಲಿ ಒಂದು ವೃತ್ತ ಬರೆದು ಅದನ್ನು ನಾಲ್ಕು ಭಾಗ ಮಾಡಿ. ಕೆಲಸ ನೋಡಿ ಗೊತ್ತಿದ್ದರೆ ಕಾಲು ಭಾಗ, ಪಕ್ಕದಲ್ಲಿ ಒಬ್ಬರಿದ್ದರೆ ಮಾಡಬಲ್ಲರೆಂದರೆ ಅರ್ಧ, ಸ್ವತಂತ್ರವಾಗಿ ಮಾಡಬಲ್ಲರೆಂದರೆ ಮುಕ್ಕಾಲು, ಬೇರೆಯವರಿಗೆ ಕಲಿಸಬಲ್ಲರೆಂದರೆ ಪೂರ್ತಿ ವೃತ್ತವನ್ನು ತುಂಬಿ. ಹಾಳೆ ಮುಗಿಯುವಷ್ಟರಲ್ಲಿ ನಿಮ್ಮ ಲೈನಿನ ಅಪಾಯಗಳು ಎದುರಿಗೆ ಕಾಣುತ್ತವೆ: ತೋಳು ಜೋಡಿಸುವುದು ಒಬ್ಬರಿಗೇ ಗೊತ್ತಿದ್ದು, ಅವರು ಹಬ್ಬಕ್ಕೆಂದು ಮದ್ದೂರಿಗೋ ಕುಣಿಗಲಿಗೋ ಹೊರಟರೆ ಇಡೀ ಲೈನ್ ನಿಲ್ಲುತ್ತದೆ ಎಂಬುದೂ ಗೊತ್ತಾಗುತ್ತದೆ. ಯಾರಿಗೆ ಯಾವ ಕೆಲಸವನ್ನು ಯಾವ ತಾರೀಕಿನೊಳಗೆ ಕಲಿಸಬೇಕು ಎಂಬುದನ್ನು ಅದೇ ಹಾಳೆಯಲ್ಲಿ ಬರೆದು ತೂಗುಹಾಕಿ. ತಾರೀಕಿಲ್ಲದ ತರಬೇತಿ ಯೋಜನೆ ಟಾರ್ಗೆಟ್‌ನ ಎದುರು ಒಂದು ದಿನವೂ ನಿಲ್ಲುವುದಿಲ್ಲ.

ಹಂತ 3: ಕೆಲಸವನ್ನು ಬಿಡಿಸಿ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು. ಹೆಚ್ಚು ಫಲ ಕೊಡುವುದೂ ಇದೇ. ಇಪ್ಪತ್ತು ವರ್ಷ ಹೊಲಿದವರನ್ನು ಹೇಗೆ ಹೊಲಿಯುತ್ತೀರಿ ಎಂದು ಕೇಳಿದರೆ ಅವರು "ಹೀಗೇ ಸರ್" ಎಂದು ಹೊಲಿದು ತೋರಿಸುತ್ತಾರೆ. ಅವರ ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಕೈಯಲ್ಲಿರುವುದನ್ನು ಮಾತಿಗೆ ತರುವುದೇ ಈ ಹಂತದ ಕೆಲಸ.

ಹಾಳೆಯನ್ನು ಮೂರು ಕಾಲಂಗಳಾಗಿ ಮಾಡಿ: ಮುಖ್ಯ ಹೆಜ್ಜೆ, ಅದರ ಕೀಲಕ ಅಂಶ, ಕಾರಣ. ಕೆಲಸವನ್ನು ಮುಂದಕ್ಕೆ ಒಯ್ಯುವುದು ಮುಖ್ಯ ಹೆಜ್ಜೆ. ಕೆಲಸ ಕೆಡಿಸಬಲ್ಲದ್ದು, ಕೈಗೆ ಗಾಯ ಮಾಡಬಲ್ಲದ್ದು ಅಥವಾ ಕೆಲಸವನ್ನು ಹಗುರ ಮಾಡುವ ಚಮತ್ಕಾರ, ಈ ಮೂರರಲ್ಲಿ ಒಂದಾದರೆ ಅದು ಕೀಲಕ ಅಂಶ. ಉಳಿದದ್ದನ್ನೆಲ್ಲ ಬಿಟ್ಟುಬಿಡಿ. ಎಲ್ಲವನ್ನೂ ಬರೆದರೆ ಯಾವುದೂ ಕಲಿಯುವವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ತೋಳು ಜೋಡಿಸುವ ಕೆಲಸವನ್ನು ಹೀಗೆ ಬಿಡಿಸಬಹುದು.

ಮೊದಲ ಹೆಜ್ಜೆ, ತೋಳು ಮತ್ತು ಬಾಡಿಯನ್ನು (ಶರ್ಟಿನ ಮೈಭಾಗವನ್ನು) ಹೊಂದಿಸುವುದು. ಕೀಲಕ ಅಂಶಗಳು ಎರಡು. ಒಂಟಿ ನಾಚ್ (ಗುರುತಿಗೆಂದು ಬಟ್ಟೆಯ ಅಂಚಿನಲ್ಲಿ ಕತ್ತರಿಸಿದ ಸಣ್ಣ ಕಚ್ಚು) ಇರುವುದು ಮುಂಭಾಗ, ಜೋಡಿ ನಾಚ್ ಇರುವುದು ಹಿಂಭಾಗ. ಇದನ್ನು ನೋಡದೆ ಹೊಲಿದರೆ ಎಡ ತೋಳು ಬಲಕ್ಕೆ ಹೋಗುತ್ತದೆ. ಎರಡನೆಯದು, ತೋಳು ಕೆಳಗೆ, ಬಾಡಿ ಮೇಲೆ. ಹೊಸಬರು ಸಾಮಾನ್ಯವಾಗಿ ತೋಳನ್ನೇ ಮೇಲಿಡುತ್ತಾರೆ, ಏಕೆಂದರೆ ಜೋಡಿಸಬೇಕಾದದ್ದು ಕಣ್ಣಿಗೆ ಕಾಣುತ್ತಿರಲಿ ಎಂದು ಅನ್ನಿಸುತ್ತದೆ. ಆದರೆ ತೋಳಿನ ಮೇಲ್ಭಾಗದ ಬಾಗು ಆರ್ಮ್‌ಹೋಲ್‌ಗಿಂತ, ಅಂದರೆ ಬಾಡಿಯಲ್ಲಿ ತೋಳು ಕೂರುವ ಜಾಗದ ಅಂಚಿಗಿಂತ ತುಸು ಉದ್ದವಾಗಿರುತ್ತದೆ, ಆ ಹೆಚ್ಚುವರಿಯನ್ನು ಸುಕ್ಕು ಕಾಣದಂತೆ ಹೊಲಿಗೆಯೊಳಗೆ ಅಡಗಿಸಬೇಕು. ಮೆಷಿನ್‌ನ ಕೆಳಗಿರುವ ಉಕ್ಕಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮುಂದಕ್ಕೆ ದೂಡುತ್ತವೆ, ಮೇಲಿನಿಂದ ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಮೇಲಿನ ಬಟ್ಟೆಯನ್ನು ತಡೆಯುತ್ತದೆ. ಹೀಗಾಗಿ ಕೆಳಗಿನ ಬಟ್ಟೆ ಸದಾ ತುಸು ಹೆಚ್ಚು ಒಳಗೆ ಹೋಗುತ್ತದೆ. ತೋಳು ಕೆಳಗಿದ್ದರೆ ಮೆಷಿನ್ ತಾನಾಗಿಯೇ ಆ ಹೆಚ್ಚುವರಿಯನ್ನು ನುಂಗುತ್ತದೆ. ಮೇಲಿದ್ದರೆ ಕೊನೆಗೆ ಬೆರಳಗಲ ಬಟ್ಟೆ ಉಳಿದು, ಟೈಲರ್ ಅದನ್ನು ಮಡಿಚಿ ತುರುಕುತ್ತಾರೆ. ಚೆಕ್ಕಿಂಗ್ ಟೇಬಲ್‌ಗೆ ಬರುವ ಸುಕ್ಕು ಅದೇ.

ಎರಡನೆಯ ಹೆಜ್ಜೆ, ಅಂಚುಗಳನ್ನು ಸಮ ಮಾಡಿ ಎರಡು ಮೂರು ಟಾಕಿ ಹಾಕಿ ನಿಲ್ಲಿಸುವುದು. ಕೀಲಕ ಅಂಶ, ನಿಲ್ಲಿಸಿದಾಗ ಸೂಜಿ ಬಟ್ಟೆಯೊಳಗೇ ಇರಬೇಕು, ಇಲ್ಲವಾದರೆ ಸಮ ಮಾಡಿದ ಅಂಚು ಜಾರುತ್ತದೆ. ಮೂರನೆಯದು ಮೊದಲ ನಾಚ್‌ವರೆಗಿನ ಹೊಲಿಗೆ. ಮೇಲಿನ ಬಟ್ಟೆಯನ್ನು ಹಗುರವಾಗಿ ಹಿಡಿಯಬೇಕೇ ಹೊರತು ಎಳೆಯಬಾರದು, ಏಕೆಂದರೆ ಆರ್ಮ್‌ಹೋಲ್‌ನ ಬಾಗು ಓರೆಯಾಗಿ ಕತ್ತರಿಸಿದ ಬಟ್ಟೆ, ಎಳೆದರೆ ಹಿಗ್ಗುತ್ತದೆ. ಸೂಜಿಯ ಹಿಂದಿನಿಂದಲೂ ಎಳೆಯಬಾರದು, ಸೂಜಿ ಬಾಗಿ ಮುರಿಯುತ್ತದೆ. ನಾಲ್ಕನೆಯದು ಭುಜದ ಹೊಲಿಗೆಗೆ ತೋಳಿನ ನಡು ನಾಚ್ ಕೂಡಿಸುವುದು. ಐದನೆಯದು ಉಳಿದ ಭಾಗ ಮುಗಿಸಿ, ದಾರ ಕತ್ತರಿಸಿ, ಪೀಸನ್ನು ತಿರುಗಿಸಿ ಒಮ್ಮೆ ಕಣ್ಣಾಡಿಸುವುದು. ಸೂಜಿಯ ಮುಂದಿನ ಗಾರ್ಡನ್ನು ತೆಗೆಯಬಾರದು ಎಂಬುದನ್ನು ಹಾಳೆಯ ತಲೆಯಲ್ಲೇ ಬರೆಯಿರಿ. ಬೆರಳಿಗೆ ಸೂಜಿ ಹೊಕ್ಕ ಮೇಲೆ ಯಾವ ತರಬೇತಿಯೂ ಉಪಯೋಗಕ್ಕೆ ಬಾರದು.

ಬರೆದ ಹಾಳೆಯನ್ನು ಆ ಕೆಲಸದಲ್ಲಿ ಪಳಗಿದ ಟೈಲರ್‌ಗೆ ಓದಿ ಹೇಳಿ, ಅವರು ಹೊಲಿಯುತ್ತಿರುವಾಗ ಹೋಲಿಸಿ ನೋಡಿ. ಹಾಳೆಯಲ್ಲಿ ಇಲ್ಲದ್ದನ್ನು ಅವರ ಕೈ ಮಾಡುತ್ತಿದ್ದರೆ, ನೀವು ಹುಡುಕುತ್ತಿದ್ದ ಚಮತ್ಕಾರ ಬಹುಶಃ ಅದೇ.

ಹಂತ 4: ನಾಲ್ಕು ಮೆಟ್ಟಿಲುಗಳಲ್ಲಿ ಕಲಿಸಿ

ಇಲ್ಲಿ ನಾನು ಹೇಳುವ ವಿಧಾನ ನನ್ನದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗು ಕಟ್ಟೆಗಳಿಗೆ ಸಾವಿರಾರು ಹೊಸ ಕೆಲಸಗಾರರು ಬೇಕಾದಾಗ ಚಾರ್ಲ್ಸ್ ಅಲೆನ್ ಎಂಬ ವೃತ್ತಿಶಿಕ್ಷಕ ರೂಪಿಸಿದ ಕ್ರಮ ಇದರ ಮೂಲ. ಎರಡನೆಯ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಅಲ್ಲಿನ ಸರ್ಕಾರ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಕಾರ್ಯಕ್ರಮ ಆರಂಭಿಸಿ, ಅದೇ ಕ್ರಮವನ್ನು ಹತ್ತು ಗಂಟೆಗಳ ಪಾಠವಾಗಿ ಕಟ್ಟಿತು. ದಿನಕ್ಕೆ ಎರಡು ಗಂಟೆಯಂತೆ ಐದು ದಿನ, ಒಂದು ತಂಡಕ್ಕೆ ಹತ್ತು ಮಂದಿ. ಅನುಭವಿ ಗಂಡಸರು ಯುದ್ಧಕ್ಕೆ ಹೋಗಿದ್ದರು, ಕಾರ್ಖಾನೆಯನ್ನೇ ಕಾಣದ ಹೆಂಗಸರು ಮೆಷಿನ್ ಮುಂದೆ ಬಂದು ನಿಂತಿದ್ದರು. 1945ರಲ್ಲಿ ಕಾರ್ಯಕ್ರಮ ನಿಲ್ಲುವಷ್ಟರಲ್ಲಿ 16 ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ಇದರ ಪಾಠಗಳನ್ನು ಮುಗಿಸಿದ್ದರು. ಯುದ್ಧದ ನಂತರ ಅದು ಜಪಾನಿಗೆ ಹೋಯಿತು, 1950ರ ದಶಕದಲ್ಲಿ ಟೊಯೊಟಾ ಅದನ್ನು ತನ್ನದಾಗಿಸಿಕೊಂಡಿತು. ಕೆಲಸಗಾರ ಕಲಿತಿಲ್ಲವೆಂದರೆ ಕಲಿಸುವವನು ಕಲಿಸಿಲ್ಲ ಎಂಬುದು ಆ ಕಾರ್ಯಕ್ರಮದ ಸೂತ್ರವಾಗಿತ್ತು.

ಆ ಪಾಠದ ಮೊದಲ ದಿನ ಒಂದು ಪ್ರಯೋಗ ಮಾಡುತ್ತಿದ್ದರು; ಸೂಪರ್‌ವೈಸರ್‌ಗಳ ಮುಂದೆ ನಾನು ಇಂದಿಗೂ ಮಾಡುತ್ತೇನೆ. ವಿದ್ಯುತ್ ತಂತಿಗೆ ಹಾಕುವ ಒಂದು ಬಗೆಯ ಗಂಟನ್ನು ಹೇಗೆ ಹಾಕಬೇಕೆಂದು ಬಾಯಲ್ಲಿ ಮಾತ್ರ ವಿವರಿಸಿ ಒಬ್ಬರ ಕೈಗೆ ತಂತಿ ಕೊಡುವುದು, ಅವರಿಂದ ಆಗುವುದಿಲ್ಲ. ನಂತರ ಇನ್ನೊಬ್ಬರ ಎದುರು ನಿಂತು ಒಂದೂ ಮಾತಾಡದೆ ಗಂಟು ಹಾಕಿ ತೋರಿಸುವುದು. ಅವರಿಂದಲೂ ಆಗುವುದಿಲ್ಲ, ಎದುರು ನಿಂತವರಿಗೆ ಎಡ ಬಲವೇ ತಿರುಗುಮುರುಗಾಗಿರುತ್ತದೆ. ನೆರೆದವರೆಲ್ಲ ತಾವು ದಿನವೂ ಕಲಿಸುವ ರೀತಿ ಈ ಎರಡರಲ್ಲಿ ಒಂದು ಎಂಬುದನ್ನು ಆ ಹತ್ತು ನಿಮಿಷದಲ್ಲಿ ಕಂಡುಕೊಳ್ಳುತ್ತಾರೆ.

ಮೊದಲ ಮೆಟ್ಟಿಲು, ಕಲಿಯುವವರನ್ನು ಸಿದ್ಧಗೊಳಿಸುವುದು. ಭಯ ಇರುವ ಕಡೆ ಕಲಿಕೆ ಇಲ್ಲ. ಊರು, ಹಿಂದಿನ ಕೆಲಸ, ಈ ಕೆಲಸದ ಬಗ್ಗೆ ಈಗಾಗಲೇ ಏನು ಗೊತ್ತಿದೆ ಎಂಬುದನ್ನು ಕೇಳಿ. ಮನೆಯಲ್ಲಿ ರವಿಕೆ ಹೊಲಿದು ಅಭ್ಯಾಸವಿರುವವರಿಗೂ ಸೂಜಿಯನ್ನೇ ಮುಟ್ಟದವರಿಗೂ ಒಂದೇ ಪಾಠ ಸಲ್ಲದು. ಒಡಿಶಾದಿಂದಲೋ ಜಾರ್ಖಂಡ್‌ನಿಂದಲೋ ಬಂದವರಾದರೆ ಅವರ ಮಾತು ಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ಕಲಿಯುವವರನ್ನು ನಿಮ್ಮ ಎದುರಲ್ಲ, ಪಕ್ಕದಲ್ಲಿ, ನಿಮ್ಮ ಕೈ ಅವರಿಗೆ ತಮ್ಮ ಕೈಯಂತೆಯೇ ಕಾಣುವ ಹಾಗೆ ಕೂರಿಸಿ.

ಎರಡನೆಯದು, ತೋರಿಸುವುದು. ಮೂರು ಸಲ ತೋರಿಸಿ. ಮೊದಲ ಸಲ ಮುಖ್ಯ ಹೆಜ್ಜೆಗಳನ್ನು ಮಾತ್ರ ಹೇಳುತ್ತಾ, ಎರಡನೆಯ ಸಲ ಕೀಲಕ ಅಂಶಗಳನ್ನು ಸೇರಿಸಿ, ಮೂರನೆಯ ಸಲ ಕಾರಣಗಳನ್ನೂ ಹೇಳುತ್ತಾ. ಒಂದು ಸಲಕ್ಕೆ ಹಿಡಿಸುವಷ್ಟನ್ನೇ ಕೊಡಿ. ಕೆಲಸ ದೊಡ್ಡದಾದರೆ ಇಂದು ಮೂರು ಹೆಜ್ಜೆ, ನಾಳೆ ಎರಡು.

ಮೂರನೆಯದು, ಮಾಡಿಸುವುದು. ಮೊದಲ ಪೀಸನ್ನು ಅವರು ಮಾತಿಲ್ಲದೆ ಮಾಡಲಿ. ತಪ್ಪು ಕಂಡರೆ ಅದು ಅಭ್ಯಾಸವಾಗುವ ಮೊದಲೇ, ಆ ಕ್ಷಣವೇ ತಡೆಯಿರಿ. ಎರಡನೆಯ ಪೀಸ್ ಮಾಡುತ್ತಾ ಹೆಜ್ಜೆಗಳನ್ನು ಅವರೇ ಹೇಳಲಿ, ಮೂರನೆಯದರಲ್ಲಿ ಕೀಲಕ ಅಂಶಗಳನ್ನು, ನಾಲ್ಕನೆಯದರಲ್ಲಿ ಕಾರಣಗಳನ್ನು. "ಗೊತ್ತಾಯ್ತಾ?" ಎಂದು ಕೇಳಬೇಡಿ. ನಮ್ಮ ಕಡೆ ಈ ಪ್ರಶ್ನೆಗೆ ತಲೆಯಾಡಿಸುವುದು ಮರ್ಯಾದೆಯ ಮಾತು, ಅರ್ಥವಾದದ್ದರ ಗುರುತಲ್ಲ. "ತೋಳನ್ನು ಯಾಕೆ ಕೆಳಗಿಡಬೇಕು, ನೀವೇ ಹೇಳಿ" ಎಂದು ಕೇಳಿದರೆ ಇರುವುದು ಇದ್ದಂತೆ ಹೊರಬರುತ್ತದೆ.

ನಾಲ್ಕನೆಯದು, ಹಿಂದೆ ಬಿದ್ದು ನೋಡಿಕೊಳ್ಳುವುದು. ಅವರನ್ನು ಸ್ವತಂತ್ರವಾಗಿ ಬಿಡಿ, ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ಹೆಸರು ಹೇಳಿ, ಮೊದಲ ದಿನ ಅರ್ಧ ಗಂಟೆಗೊಮ್ಮೆ, ಮರುದಿನ ಎರಡು ಗಂಟೆಗೊಮ್ಮೆ, ಮುಂದಿನ ವಾರ ದಿನಕ್ಕೊಮ್ಮೆ ಹೋಗಿ ನೋಡಿ.

ಹಂತ 5: ಮೊದಲು ಕೈ ಕೂಡಲಿ, ಆಮೇಲೆ ವೇಗ

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಎಂದು ತನ್ನ ಮೇಲೆಯೇ ಪರೀಕ್ಷಿಸಿಕೊಂಡು 1885ರಲ್ಲಿ ಪ್ರಕಟಿಸಿದ. ಕಲಿತದ್ದರಲ್ಲಿ ಅರ್ಧಕ್ಕೂ ಹೆಚ್ಚು ಒಂದು ಗಂಟೆಯೊಳಗೇ ಜಾರಿಹೋಗಿತ್ತು. ಕೈಕೆಲಸ ಅಷ್ಟು ಬೇಗ ಮರೆಯುವುದಿಲ್ಲ, ಅರ್ಥವಿರುವುದು ಹೆಚ್ಚು ನಿಲ್ಲುತ್ತದೆ ಎಂಬುದು ನಿಜ. ಆದರೂ ಆತನ ಇನ್ನೊಂದು ಅರಿವು ನಮಗೆ ನೇರವಾಗಿ ಒದಗುತ್ತದೆ: ಒಂದೇ ಸಲ ಬಹಳ ಹೊತ್ತು ಕಲಿಯುವುದಕ್ಕಿಂತ ದಿನಗಳ ಮೇಲೆ ಹರಡಿಕೊಂಡು ಕಲಿತದ್ದು ಹೆಚ್ಚು ಉಳಿಯುತ್ತದೆ. ಆದ್ದರಿಂದ ಆರು ಗಂಟೆಯ ತರಬೇತಿಯನ್ನು ಒಂದೇ ದಿನ ಮುಗಿಸಬೇಡಿ; ದಿನಕ್ಕೆ ಮುಕ್ಕಾಲು ಗಂಟೆಯಂತೆ ಎಂಟು ದಿನ ಹಂಚಿ. ಪ್ರತಿದಿನ ಆರಂಭದಲ್ಲಿ ನಿನ್ನೆಯದನ್ನು ನೀವು ಹೇಳದೆ ಅವರಿಂದ ಹೇಳಿಸಿ.

ವೇಗದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಂದು ಪೀಸಿಗೆ ಒಂದು ನಿಮಿಷ ನಿಗದಿಯಾಗಿದ್ದರೆ ಪಳಗಿದವರು ಗಂಟೆಗೆ 60 ಮಾಡಬೇಕು. ಹೊಸಬರಿಗೆ ಮೊದಲ ವಾರ ಗಂಟೆಗೆ 20 ಸಾಕು, ಆದರೆ ಇಪ್ಪತ್ತೂ ಸರಿಯಾಗಿರಬೇಕು. ಸತತವಾಗಿ ಎರಡು ಬಂಡಲ್‌ಗಳು ಒಂದೂ ಆಲ್ಟರ್ ಇಲ್ಲದೆ ಬಂದ ಮೇಲೆ 30ಕ್ಕೆ ಏರಿಸಿ, ಅಲ್ಲಿಂದ 40ಕ್ಕೆ. ಅವಸರದಲ್ಲಿ ಕೂತ ತಪ್ಪು ಅಭ್ಯಾಸವನ್ನು ಬಿಡಿಸಲು ಹೊಸದಾಗಿ ಕಲಿಸುವುದರ ಎರಡು ಪಟ್ಟು ಹೊತ್ತು ಹಿಡಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಏರಿಕೆಯ ನಡುವೆ ಕೆಲವು ದಿನ ಸಂಖ್ಯೆ ಒಂದೇ ಕಡೆ ನಿಂತುಬಿಡುತ್ತದೆ. ಆಗ ಬೈಯದೆ, ಐದು ಹೆಜ್ಜೆಗಳಲ್ಲಿ ಯಾವುದಕ್ಕೆ ಹೆಚ್ಚು ಸೆಕೆಂಡ್ ಹೋಗುತ್ತಿದೆ ಎಂದು ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ನೋಡಿ, ಆ ಒಂದು ಹೆಜ್ಜೆಯನ್ನಷ್ಟೇ ಹತ್ತು ಸಲ ಬೇರೆಯಾಗಿ ಮಾಡಿಸಿ. ನನ್ನ ಅನುಭವದಲ್ಲಿ ಅದು ಬಹುಮಟ್ಟಿಗೆ ಹೊಲಿಗೆಯಲ್ಲಿ ಅಲ್ಲ, ಬಂಡಲ್‌ನಿಂದ ಪೀಸ್ ಎತ್ತಿ ಹೊಂದಿಸುವುದರಲ್ಲಿ ಇರುತ್ತದೆ.

ಹಂತ 6: ಕೋಚಿಂಗ್ ಮಾತುಕತೆ

ತರಬೇತಿ ಮುಗಿದ ಮೇಲೆ ದಿನಕ್ಕೆ ಐದು ನಿಮಿಷ, ಮೆಷಿನ್ ಪಕ್ಕದಲ್ಲೇ. ಇದಕ್ಕೆ ಬೇಕಾದದ್ದು ನಾಲ್ಕು ಪ್ರಶ್ನೆಗಳು: ಏನಾಗಬೇಕಿತ್ತು, ಏನಾಯಿತು, ಏಕೆ ಹಾಗಾಯಿತು, ಮುಂದಿನ ಬಂಡಲ್‌ನಲ್ಲಿ ಏನನ್ನು ಬದಲಿಸುತ್ತೀರಿ. ಒಮ್ಮೆ ಒಬ್ಬ ಯುವ ಸೂಪರ್‌ವೈಸರ್ ತನಗಿಂತ ಹದಿನೈದು ವರ್ಷ ಹಿರಿಯರಾದ ಟೈಲರ್ ಜೊತೆ ನಡೆಸಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಅಕ್ಕಾ, ಈ ಬಂಡಲ್‌ನಲ್ಲಿ ಮೂರು ಪೀಸ್ ಆಲ್ಟರ್‌ಗೆ ಬಂದಿದೆ. ನೀವೇ ಒಂದ್ಸಲ ನೋಡಿ, ಮೂರರಲ್ಲೂ ಒಂದೇ ಜಾಗ ಅನ್ಸುತ್ತಾ?"

"ಹೌದು ಸರ್, ಭುಜ ದಾಟಿದ ಮೇಲೇನೇ."

"ಅಲ್ಲಿ ನಿಮ್ಮ ಎಡಗೈ ಏನ್ ಮಾಡ್ತಿತ್ತು?"

ಅವರು ಒಂದು ಪೀಸ್ ಎತ್ತಿಕೊಂಡು ಅರ್ಧ ಹೊಲಿದು ನಿಂತರು. "ಭುಜದತ್ರ ಬಟ್ಟೆ ದಪ್ಪ ಆಗುತ್ತಲ್ಲ ಸರ್, ಅಲ್ಲಿ ಗೊತ್ತಿಲ್ದೆ ಎಳೀತಿದೀನಿ."

"ಹಾಗಾದ್ರೆ ಮುಂದಿನ ಬಂಡಲ್‌ಗೆ ಏನ್ ಮಾಡೋಣ?"

"ಅಲ್ಲಿ ಒಂದ್ಸಲ ನಿಲ್ಲಿಸಿ, ಕೈ ಬಿಟ್ಟು ಮತ್ತೆ ಹಿಡೀತೀನಿ."

ಎರಡು ನಿಮಿಷವೂ ಹಿಡಿಯಲಿಲ್ಲ. ಸೂಪರ್‌ವೈಸರ್‌ಗೆ ಉತ್ತರ ಮೊದಲೇ ಗೊತ್ತಿತ್ತು, ಆದರೂ ಅವನು ಹೇಳಲಿಲ್ಲ. ಅವನು ಹೇಳಿದ್ದರೆ ಅದು ಅವನ ತಿದ್ದುಪಡಿಯಾಗುತ್ತಿತ್ತು, ಅವನು ಬೆನ್ನು ತಿರುಗಿಸಿದೊಡನೆ ಕೈ ಮತ್ತೆ ಹಳೆಯ ದಾರಿ ಹಿಡಿಯುತ್ತಿತ್ತು. ಹಿರಿಯ ಹೆಂಗಸಿನ ಮಾನಕ್ಕೂ ಅಲ್ಲಿ ಕುಂದು ಬರಲಿಲ್ಲ, ಏಕೆಂದರೆ ಮಾತೆಲ್ಲ ಪೀಸಿನ ಬಗ್ಗೆ ಇತ್ತು, ಅವರ ಬಗ್ಗೆ ಇರಲಿಲ್ಲ.

ಈ ಕೊನೆಯ ವಿಷಯ ಬರಿಯ ಸೌಜನ್ಯದ್ದಲ್ಲ. ಕೆಲಸದ ಬಗ್ಗೆ ಅಭಿಪ್ರಾಯ ಹೇಳುವುದರಿಂದ ಆಗುವ ಪರಿಣಾಮ ಕುರಿತ ನೂರಾರು ಫಲಿತಾಂಶಗಳನ್ನು ಕ್ಲೂಗರ್ ಮತ್ತು ಡಿನಿಸಿ ಎಂಬ ಮನಶ್ಶಾಸ್ತ್ರಜ್ಞರು 1996ರಲ್ಲಿ ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು, ಆದರೆ ಮೂರನೇ ಒಂದಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಅಭಿಪ್ರಾಯ ಹೇಳಿದ ನಂತರ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆಗೆ ತಿರುಗಿದಷ್ಟೂ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ವಿವರಣೆ. "ನಿಮಗೆ ಎಷ್ಟು ಸಲ ಹೇಳೋದು" ಎಂದು ಲೈನಿನ ನಡುವೆ ಕೂಗಿದಾಗ ಟೈಲರ್‌ನ ಮನಸ್ಸು ಆರ್ಮ್‌ಹೋಲ್‌ನಲ್ಲಿ ಇರುವುದಿಲ್ಲ. ಸುತ್ತಲಿನ ಮೂವತ್ತು ಜೋಡಿ ಕಣ್ಣುಗಳಲ್ಲಿ ಇರುತ್ತದೆ. ಕೂಗುವ ಸೂಪರ್‌ವೈಸರ್‌ನ ಲೈನಿನಲ್ಲಿ ತಪ್ಪುಗಳು ಕಡಿಮೆಯಾಗುವುದಿಲ್ಲ, ಮುಚ್ಚಿಡುವುದು ಹೆಚ್ಚಾಗುತ್ತದೆ. ಕೆಟ್ಟ ಪೀಸನ್ನು ಬಂಡಲ್‌ನ ನಡುವೆ ತೂರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗದರಿಕೆಯನ್ನು ಕೋಚಿಂಗ್ ಎಂದು ಯಾರೂ ಕರೆಯದಿರಲಿ ಎಂಬುದು ನನ್ನ ಮನಃಪೂರ್ವಕ ವಿನಂತಿ.

ಹಂತ 7: ಅಳೆಯಿರಿ, ಸಲ್ಲಬೇಕಾದದ್ದನ್ನು ಸಲ್ಲಿಸಿ

ತರಬೇತಿಯ ಅಳತೆಗೆ ನಾಲ್ಕು ಮಟ್ಟಗಳಿವೆ ಎಂದು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ಕ್ರಮ ಇಂದಿಗೂ ಬಳಕೆಯಲ್ಲಿದೆ: ಕಲಿತವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಸಂಸ್ಥೆಗೆ ಫಲ ಬಂತೇ. ಹೆಚ್ಚಿನ ಕಡೆ ಮೊದಲನೆಯದನ್ನು ಮಾತ್ರ ಅಳೆದು ಕೈತೊಳೆದುಕೊಳ್ಳುತ್ತಾರೆ. ನನ್ನ ಎರಡು ದಿನದ ಪಾಠಕ್ಕೂ ಒಳ್ಳೆಯ ಅಂಕಗಳೇ ಬಂದಿದ್ದವು.

ತರಬೇತಿಗೆ ಎರಡು ವಾರ ಮೊದಲೇ ಎಣಿಕೆ ಶುರುಮಾಡಿ. ಒಂದು ಉದಾಹರಣೆ ಲೆಕ್ಕ ಹಾಕೋಣ. ದಿನಕ್ಕೆ 800 ಶರ್ಟ್ ಮಾಡುವ ಲೈನಿನಲ್ಲಿ ಶೇ 8ರಷ್ಟು ಆಲ್ಟರ್ ಎಂದರೆ 64 ಪೀಸ್. ಒಂದನ್ನು ಬಿಚ್ಚಿ ಹೊಲಿಯಲು 4 ನಿಮಿಷವಾದರೆ ದಿನಕ್ಕೆ 256 ನಿಮಿಷ. ಅದು ಶೇ 4ಕ್ಕೆ ಇಳಿದರೆ ದಿನಕ್ಕೆ 128 ನಿಮಿಷ ಉಳಿಯುತ್ತದೆ, 26 ಕೆಲಸದ ದಿನಗಳಿಗೆ 55 ಗಂಟೆಗೂ ಹೆಚ್ಚು. ಮೂವರಿಗೆ ತಲಾ ಆರು ಗಂಟೆಯ ತರಬೇತಿಗೆ ಅವರದು 18, ಕಲಿಸುವವರದು 18, ಒಟ್ಟು 36 ಗಂಟೆ ಖರ್ಚಾಗುತ್ತದೆ. ಉತ್ಪಾದನೆ ನಿಲ್ಲುತ್ತದೆ ಎಂದು ಹಿಂದೇಟು ಹಾಕುವ ಮ್ಯಾನೇಜರ್ ಮುಂದೆ ನಿಮ್ಮ ಲೈನಿನದೇ ಅಂಕಿಗಳನ್ನು ಹೀಗೆ ಇಡಿ.

ಕೈಕೆಲಸದ ಆಚೆಗಿನ ಕೌಶಲಗಳನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿದ ಒಂದು ಅಧ್ಯಯನದಲ್ಲಿ, ಸಂವಹನ, ಸಮಯ ಮತ್ತು ಹಣದ ನಿರ್ವಹಣೆ, ಸಮಸ್ಯೆ ಬಿಡಿಸುವುದು ಮೊದಲಾದವನ್ನು ಕಲಿಸುವ ತರಬೇತಿಗೆ ಮಹಿಳಾ ಕಾರ್ಮಿಕರನ್ನು ಲಾಟರಿಯ ಮೂಲಕ ಆರಿಸಲಾಯಿತು. ತರಬೇತಿ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ 10ಕ್ಕೂ ಮಿಕ್ಕಿ ಏರಿತು, ಸಂಸ್ಥೆಗೆ ಹಾಕಿದ ದುಡ್ಡಿನ ಹಲವು ಪಟ್ಟು ಮರಳಿತು. ಮೇಲಿನವರ ಎದುರು ಬಾಯಿಬಿಟ್ಟು "ಮೆಷಿನ್ ಸರಿ ಇಲ್ಲ, ನೋಡಿ" ಎನ್ನಲು ಬಂದ ಧೈರ್ಯವೂ ಒಂದು ಕೌಶಲವೇ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಕಾಡುತ್ತದೆ: ಆ ಹೆಣ್ಣುಮಕ್ಕಳ ಸಂಬಳ ಶೇ 1ರಷ್ಟೂ ಏರಲಿಲ್ಲ.

ಇದು ನ್ಯಾಯವಲ್ಲ, ಮತ್ತು ಬಹುಕಾಲ ನಡೆಯುವುದೂ ಇಲ್ಲ. ಹೊಸ ಕೆಲಸ ಕಲಿತರೆ ಟಾರ್ಗೆಟ್ ಏರುತ್ತದೆ, ಬೇರೇನೂ ಆಗುವುದಿಲ್ಲ ಎಂದು ಲೈನಿನಲ್ಲಿ ಒಮ್ಮೆ ಸುದ್ದಿಯಾದರೆ ಮುಂದಿನ ತರಬೇತಿಗೆ ಬರುವವರು ಕೈಯನ್ನಷ್ಟೇ ತರುತ್ತಾರೆ. ಆದ್ದರಿಂದ ಹಂತ 2ರ ಹಾಳೆಯನ್ನೇ ಸಂಬಳದ ಗ್ರೇಡ್‌ಗೆ ಜೋಡಿಸಿ: ಕಷ್ಟದ ಮೂರು ಕೆಲಸಗಳಲ್ಲಿ ಮುಕ್ಕಾಲು ವೃತ್ತ ತುಂಬಿದವರಿಗೆ ಮೇಲಿನ ಗ್ರೇಡ್, ಪೂರ್ತಿ ವೃತ್ತ ತುಂಬಿ ಕಲಿಸುವವರಾದರೆ ಅದಕ್ಕೊಂದು ಭತ್ಯೆ. ಮೊತ್ತ ಎಷ್ಟೆಂಬುದನ್ನು ತರಬೇತಿ ಆರಂಭಿಸುವ ಮೊದಲೇ ಎಚ್‌ಆರ್ ವಿಭಾಗದಿಂದ ಬರಹದಲ್ಲಿ ಪಡೆದು ನೋಟಿಸ್ ಬೋರ್ಡಿಗೆ ಹಾಕಿ.

ಮೂರು ತಿಂಗಳಿಗೊಮ್ಮೆ ಬಿಡಿಸಿ ಬರೆದ ಹಾಳೆಗಳನ್ನು ಕೆಳಗಿಳಿಸಿ, ಆ ಕೆಲಸ ಮಾಡುವವರ ಕೈಗೇ ಪೆನ್ಸಿಲ್ ಕೊಟ್ಟು ತಿದ್ದಿಸಿ. ಬಟ್ಟೆ ಬದಲಾಗುತ್ತದೆ, ಮೆಷಿನ್ ಬದಲಾಗುತ್ತದೆ, ಹಾಳೆಯೂ ಬದಲಾಗಬೇಕು. ಮೇಲೆ ಹೇಳಿದ ಅಕ್ಕ ಕೆಲವು ತಿಂಗಳ ನಂತರ ಇಬ್ಬರು ಹೊಸ ಹುಡುಗಿಯರಿಗೆ ತೋಳು ಜೋಡಿಸುವುದನ್ನು ಕಲಿಸತೊಡಗಿದರು. ಅವರ ಮೆಷಿನ್ ಪಕ್ಕದ ಕಂಬಕ್ಕೆ ಅಂಟಿಸಿದ್ದ ಹಾಳೆಯಲ್ಲಿ, ನಾಲ್ಕನೆಯ ಹೆಜ್ಜೆಯ ಎದುರು, ನಾನು ಟೈಪ್ ಮಾಡಿಸಿದ್ದ ಸಾಲಿನ ಕೆಳಗೆ ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: "ಭುಜ ಬಂದಾಗ ನಿಲ್ಲಿಸಿ, ಕೈ ಬಿಟ್ಟು ಮತ್ತೆ ಹಿಡಿಯಿರಿ."